ಹತ್ತು ಎಂದರೆ ಅತ್ತು

ಆಪರೇಷನ್ನಿನ ಹಿಂದಿನ ಸಂಜೆ ಜೂನಿಯರ್ ಡಾಕ್ಟರೊಬ್ಬರು ಸಹಿಗೆ ಕಾಗದ ತಂದರು. ಅದು ನನ್ನ ಕೈಗೆ ಬರಲಿಲ್ಲ, ಭಾವನ ಕೈಗೆ ಹೋಯಿತು. ಮೂರು ಪುಟ. ಭಾವ ಓದಿದರು, ಮಡಿಸಿದರು, “ಗಂಟಲಿನ ಗಡ್ಡೆ ತೆಗೀತಾರೆ, ಇಲ್ಲಿ ಸೈನ್ ಹಾಕು” ಎಂದರು. ಹಾಕಿದೆ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುತ್ತಾರೆ, ಕತ್ತಿನ ಬುಡದಲ್ಲಿ ನಾಣ್ಯದಗಲದ ತೂತು ಉಳಿಯುತ್ತದೆ, ಇನ್ನು ಬದುಕಿರುವ ತನಕ ಉಸಿರು ಅಲ್ಲಿಂದಲೇ ಎಂದು ಆ ಕಾಗದದಲ್ಲಿ ಬರೆದಿತ್ತು. ನನಗೆ ಅದು ತಿಳಿದದ್ದು ಎಚ್ಚರವಾದ ಮೇಲೆ, “ನೀರು” ಎನ್ನಲು ಬಾಯಿ ತೆರೆದಾಗ. ತುಟಿ ಆಡಿತು, ನಾಲಿಗೆ ಆಡಿತು. ಸದ್ದಿಲ್ಲ. ಪಿಸುಮಾತೂ ಇಲ್ಲ. ಕತ್ತಿನ ಹತ್ತಿರ ಮಾತ್ರ ಸುಯ್ ಎಂದು ಗಾಳಿ ಹೋಯಿತು.

ನಾನು ಕೋಲಾರದ ಎ.ಪಿ.ಎಂ.ಸಿ.ಯಲ್ಲಿ 26 ವರ್ಷ ಟೊಮೆಟೊ ಹರಾಜು ಕೂಗಿದವನು. ಆ ಮಾರುಕಟ್ಟೆ ನೋಡಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. 15 ಕೆ.ಜಿ. ಬಾಕ್ಸುಗಳ ಗೋಡೆ, ಲಾರಿಗಳ ಹಾರನ್ನು, ಸುತ್ತ ನಾಲ್ಕು ರಾಜ್ಯದ ಖರೀದಿದಾರರು. ಕನ್ನಡದಲ್ಲಿ ಶುರುವಾದ ರೇಟು ತೆಲುಗಿನಲ್ಲಿ ಏರಿ ಹಿಂದಿಯಲ್ಲಿ ಮುಗಿಯುತ್ತದೆ. ಕೂಗು ಸೋತರೆ ರೇಟೂ ಸೋಲುತ್ತದೆ, ರೈತನಿಗೆ ಬಾಕ್ಸಿಗೆ ಹತ್ತು ರೂಪಾಯಿ ಕಡಿಮೆ. ಹಾಗಾಗಿ ಗಂಟಲು ಕಟ್ಟಿದರೂ ನಿಲ್ಲಿಸುತ್ತಿರಲಿಲ್ಲ. 2021ರ ಯುಗಾದಿ ಕಳೆದ ಮೇಲೆ ಕಟ್ಟಿದ ಗಂಟಲು ಬಿಡಲಿಲ್ಲ. ಜ್ಯೇಷ್ಠಮಧು ಜಗಿದೆ, ಮೆಣಸಿನ ಕಷಾಯ ಕುಡಿದೆ, ಉಪ್ಪುನೀರು ಮುಕ್ಕಳಿಸಿದೆ. ಸೀಸನ್ನಿನಲ್ಲಿ ಮಂಡಿಯವರೆಲ್ಲರ ಗಂಟಲೂ ಹೀಗೇ ಎಂದು ಏಳು ತಿಂಗಳು ತಳ್ಳಿದೆ. ಮೂರು ವಾರ ಕಳೆದರೂ ಧ್ವನಿ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಬೇಕು ಎಂಬ ಬೋರ್ಡು ನಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲೇ ತೂಗುತ್ತಿತ್ತು. ನನ್ನ ಹೆಂಡತಿ ಓದಿ ಹೇಳಿದ್ದಳು ಕೂಡ. ಬೈದು ಕಳಿಸಿದ್ದೆ.

ಕೊನೆಗೆ ತೋರಿಸಿದಾಗ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಎಂದರು. ಮೊದಲು 35 ದಿನ ಕರೆಂಟ್, ಅಂದರೆ ರೇಡಿಯೇಷನ್, ಇಟ್ಟರು. ವಾರಕ್ಕೆ ಐದರಂತೆ ಏಳು ವಾರ. ವಾಸಿಯಾಯಿತು ಎಂದರು. ಬೀಡಿ ಬಿಟ್ಟೆ, ಕೂಗುವುದನ್ನು ಬಿಡಲಿಲ್ಲ. ವರ್ಷ ತುಂಬುವ ಮೊದಲೇ ಗಡ್ಡೆ ಮತ್ತೆ ಬಂತು. ಈ ಸಲ ಪಕ್ಕದ ಅನ್ನನಾಳದ ಗೋಡೆಯನ್ನೂ ಹಿಡಿದಿತ್ತು.

ಒಮ್ಮೆ ಕರೆಂಟ್ ಇಟ್ಟ ಮಾಂಸ ಸುಲಭಕ್ಕೆ ಕೂಡಿಕೊಳ್ಳುವುದಿಲ್ಲ. ಅದಕ್ಕೆ ಎದೆಯ ಎಡಗಡೆಯ ಸ್ನಾಯುವನ್ನು ಮೇಲಿನ ಚರ್ಮದ ಸಮೇತ, ರಕ್ತನಾಳ ಕಡಿಯದೆ ಬಿಡಿಸಿ, ಕೊರಳಪಟ್ಟಿ ಮೂಳೆಯ ಮೇಲಿಂದ ತಿರುಗಿಸಿ ಗಂಟಲಿಗೆ ಹೊಸ ಗೋಡೆ ಕಟ್ಟಿದರು. ಆದರೂ ಒಂಬತ್ತನೆಯ ದಿನ ಹೊಲಿಗೆಯ ಸಂದಿನಿಂದ ಎಂಜಲು ಹೊರಗೆ ಬರತೊಡಗಿತು. ನುಂಗಿದ್ದು ಕತ್ತಿನಲ್ಲಿ ಇಳಿಯುವುದನ್ನು ಕನ್ನಡಿಯಲ್ಲಿ ನೋಡಿದೆ. ಬಾಯಿಗೆ ಏನೂ ಇಲ್ಲ, ಮೂಗಿನ ಟ್ಯೂಬಿನಿಂದ ಗಂಜಿ, ರಾಗಿ ಅಂಬಲಿ, ಸೋಸಿದ ಬೇಳೆಕಟ್ಟು. ಆರು ವಾರ ಹೀಗೆ. ಅದು 2023ರ ಜುಲೈ. ಕೋಲಾರದಲ್ಲಿ ಬಾಕ್ಸಿಗೆ 2,000 ರೂಪಾಯಿ ದಾಟಿತ್ತು. ನನ್ನ ಜೀವಮಾನದಲ್ಲಿ ಯಾರೂ ಕೂಗದ ರೇಟು. ವಾರ್ಡಿನ ಟಿ.ವಿ.ಯಲ್ಲಿ ನಮ್ಮ ಮಂಡಿ ತೋರಿಸಿದರು, ಬಾಕ್ಸಿನ ಮೇಲೆ ನಿಂತು ಬೇರೆಯವನು ಕೂಗುತ್ತಿದ್ದ. ಗೋಡೆಯ ಕಡೆ ತಿರುಗಿ ಮಲಗಿದೆ. ಅಳುವುದಕ್ಕೂ ಸದ್ದು ಬೇಕು ಎಂಬುದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮನೆಗೆ ಕಳಿಸುವಾಗ ನರ್ಸಮ್ಮ ಹೆಂಡತಿಗೆ ಎಲ್ಲ ಕಲಿಸಿದರು: ತೂತಿಗೆ ಎಷ್ಟು ಹನಿ ಸಲೈನು, ಒದ್ದೆ ಬಟ್ಟೆ ಹೇಗೆ ಕಟ್ಟುವುದು, ಕಫ ಗಟ್ಟಿಯಾದರೆ ಚಿಮಟದಲ್ಲಿ ಹೇಗೆ ತೆಗೆಯುವುದು. ನಾನು ಆ ಕಡೆ ನೋಡಲೇ ಇಲ್ಲ. ಕೈಯಲ್ಲೊಂದು ಯಂತ್ರ ಕೊಟ್ಟಿದ್ದರು, ಟಾರ್ಚಿನಂಥದ್ದು. ಕೆನ್ನೆಗೆ ಒತ್ತಿ ಗುಂಡಿ ಅದುಮಿ ಬಾಯಾಡಿಸಿದರೆ ಒಂದೇ ಶ್ರುತಿಯಲ್ಲಿ ಮಾತು ಹೊರಡುತ್ತದೆ. ಅದರಲ್ಲಿ ಕ ಎಂದರೂ ಗ, ಪ ಎಂದರೂ ಬ. ಮೊದಲ ಸಲ ಅದರಲ್ಲಿ ಮಾತಾಡಿದಾಗ ಅಕ್ಕನ ಮೊಮ್ಮಗು ಹೆದರಿ ಕಿರುಚಿತು. ಯಂತ್ರವನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆ. ಸ್ಲೇಟೂ ಬೇಡ ಎಂದೆ. ಕೈಸನ್ನೆ ಅರ್ಥವಾಗದಿದ್ದರೆ ತಟ್ಟೆ ತಳ್ಳುತ್ತಿದ್ದೆ.

ಮಗಳು ಸಂತೆಯಿಂದ ಮೇಕೆ ಕೊರಳಿಗೆ ಕಟ್ಟುವ ಪುಟ್ಟ ಹಿತ್ತಾಳೆ ಗಂಟೆ ತಂದಳು. “ಅಪ್ಪಾ, ರಾತ್ರಿ ಏನಾದ್ರೂ ಬೇಕಾದ್ರೆ ಇದನ್ನ ಅಲ್ಲಾಡ್ಸಿ” ಎಂದು ದಿಂಬಿನ ಪಕ್ಕ ಇಟ್ಟಳು. ಕಿಟಕಿಯಿಂದ ಹೊರಗೆ ಎಸೆದೆ. ಅವಳು ಏನೂ ಅನ್ನಲಿಲ್ಲ, ಹೋಗಿ ಹೆಕ್ಕಿಕೊಂಡು ಬಂದಳು. ನನ್ನ ಕೆಮ್ಮಿನಿಂದ ಯಾರಿಗೂ ನಿದ್ದೆ ಇಲ್ಲ ಎಂದು ಹೆಂಡತಿಯನ್ನೂ ಪಕ್ಕದ ಕೋಣೆಗೆ ಕಳಿಸಿದೆ. ಒದ್ದೆ ಬಟ್ಟೆ ಕಟ್ಟಿದರೆ ಚಳಿಯಾಗುತ್ತದೆ ಎಂದು ಅದನ್ನೂ ಬಿಚ್ಚಿ ಮಲಗುತ್ತಿದ್ದೆ.

ಮೂಗು ಏನು ಮಾಡುತ್ತದೆಂದು ಅದು ಇರುವವರೆಗೆ ಯಾರೂ ಯೋಚಿಸುವುದಿಲ್ಲ. ಹೊರಗಿನ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಮಾಡಿ, ಧೂಳು ಸೋಸಿ ಒಳಗೆ ಬಿಡುವುದು ಅದರ ಕೆಲಸ. ನನ್ನ ಉಸಿರು ಮೂಗಿನ ಹತ್ತಿರವೇ ಹೋಗುವುದಿಲ್ಲ. ಡಿಸೆಂಬರಿನ ಕೋಲಾರದ ಒಣಚಳಿ ನೇರವಾಗಿ ಶ್ವಾಸನಾಳಕ್ಕೆ. ಅಲ್ಲಿನ ಕಫ ಒಣಗಿ ಪದರ ಪದರವಾಗಿ ಹಕ್ಕಳೆಗಟ್ಟುತ್ತದೆ.

ಆ ರಾತ್ರಿ ಕರೆಂಟು ಹೋಗಿತ್ತು. ಎರಡು ಗಂಟೆಯ ಮೇಲಿರಬೇಕು. ಯಾರೋ ಕತ್ತಿನ ಮೇಲೆ ಹೆಬ್ಬೆರಳು ಇಟ್ಟು ಒತ್ತಿದ ಹಾಗಾಗಿ ಎಚ್ಚರವಾಯಿತು. ಎಳೆದೆ, ಉಸಿರು ಅರ್ಧಕ್ಕೆ ನಿಂತಿತು. ಕೆಮ್ಮಿದೆ, ಒಳಗೆ ಏನೋ ಮೇಲೆದ್ದು ತೂತಿಗೆ ಬಿರಡೆಯಂತೆ ಕೂತಿತು. ಮತ್ತೆ ಎಳೆದೆ. ಸೀಟಿಯಂತೆ ಸಣ್ಣ ಸದ್ದು, ಕೂದಲೆಳೆಯಷ್ಟು ಗಾಳಿ. ಬಾಯಿ ದೊಡ್ಡದಾಗಿ ತೆರೆದೆ. ಐವತ್ತು ವರ್ಷದ ಅಭ್ಯಾಸ, ಉಸಿರು ಕಟ್ಟಿದರೆ ಬಾಯಿ ತೆರೆಯುತ್ತೇವೆ. ಬಾಯಿಗೂ ಶ್ವಾಸಕೋಶಕ್ಕೂ ಈಗ ದಾರಿಯೇ ಇಲ್ಲ ಎಂಬುದು ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಬಾಯಿ ತೆರೆದು ಕೂಗಿದೆ. ಒಂದು ಮೈಲಿ ದೂರದ ಲಾರಿಯವನನ್ನು ನಿಲ್ಲಿಸುತ್ತಿದ್ದ ಗಂಟಲು. ಗೋಡೆಯಾಚೆ ಮಲಗಿದ್ದ ಹೆಂಡತಿಗೆ ಕೇಳಲಿಲ್ಲ.

ಫೋನು ಕೈಗೆ ಸಿಕ್ಕಿತು. ಅವಳ ನಂಬರು ಒತ್ತಿದೆ. ಗೋಡೆಯಾಚೆ ಅದು ಹೊಡೆದುಕೊಳ್ಳಲಿಲ್ಲ. ನಾನು ನಿದ್ದೆಗೆ ತೊಂದರೆ ಎಂದು ರೇಗುತ್ತಿದ್ದೆನಲ್ಲ, ಅದಕ್ಕೇ ಅವಳು ರಾತ್ರಿ ಫೋನನ್ನು ಸೈಲೆಂಟಿನಲ್ಲಿ ಇಡುತ್ತಿದ್ದಳು. ಎದ್ದು ನಿಂತೆ, ಕಾಲು ಹಿಡಿಯಲಿಲ್ಲ. ಗಂಟೆ ಎಲ್ಲಿದೆ ಎಂದು ದಿಂಬಿನ ಪಕ್ಕ ತಡಕಿದೆ. ಅದನ್ನು ಮಗಳು ದೇವರ ಕೋಣೆಯಲ್ಲಿ ಇಟ್ಟಿದ್ದಳು. ಕಣ್ಣಿನ ಮುಂದೆ ಹಳದಿ ಚುಕ್ಕೆ ಹಾರತೊಡಗಿದವು. ತೆವಳಿಕೊಂಡು ಬೀರುವಿನ ಹತ್ತಿರ ಹೋಗಿ ಮುಷ್ಟಿಯಿಂದ ಅದರ ಬಾಗಿಲಿಗೆ ಹೊಡೆದೆ. ತಗಡು ಗುಡುಗಿದಂತೆ ಆಯಿತು. ಒಂದು, ಎರಡು, ಮೂರು. ಒಳಗಿದ್ದ ಯಂತ್ರ ಬಿದ್ದು ಉರುಳಿದ್ದು ಕೇಳಿಸಿತು. ನಾಲ್ಕನೆಯ ಏಟಿಗೆ ಕೈ ಮೇಲೇಳಲಿಲ್ಲ.

ಅವಳು ಟಾರ್ಚು ಹಿಡಿದು ಬಂದಳು. “ಅಯ್ಯೋ ದೇವರೇ” ಎಂದದ್ದು ಒಂದೇ ಸಲ, ಆಮೇಲೆ ಗೋಳಾಟವಿಲ್ಲ. ಟಾರ್ಚನ್ನು ಮಗಳ ಕೈಗೆ ಕೊಟ್ಟು, ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡು, ತೂತಿಗೆ ಸಲೈನು ಹನಿಸಿದಳು. ಮೈ ಕಿತ್ತು ಬಂದಂತೆ ಕೆಮ್ಮು. ಮತ್ತೆ ಹನಿಸಿದಳು. “ರೀ, ಇನ್ನೊಂದ್ ಸಲ ಕೆಮ್ಮಿ, ಇನ್ನೊಂದೇ ಸಲ.” ಚಿಮಟ ಒಳಗೆ ಹೋದದ್ದು ಗೊತ್ತಾಯಿತು. ಎಳೆದಳು. ಹುಣಸೆ ಬೀಜದಷ್ಟು ದಪ್ಪದ, ರಕ್ತ ಮೆತ್ತಿದ ಹಕ್ಕಳೆ. ಗಾಳಿ ಒಳಗೆ ನುಗ್ಗಿತು. ತಣ್ಣಗೆ, ಎದೆಯ ತಳದವರೆಗೆ. ಆ ಹೆಂಗಸು ಓದಿದ್ದು ಏಳನೆಯ ಕ್ಲಾಸು. ನರ್ಸಮ್ಮ ಒಂದೇ ಸಲ ತೋರಿಸಿದ್ದನ್ನು ಕತ್ತಲೆಯಲ್ಲಿ ತಪ್ಪಿಲ್ಲದೆ ಮಾಡಿದಳು. ನಾನು ಬಿ.ಕಾಂ. ಓದಿದವನು, ಕಣ್ಣೆತ್ತಿ ನೋಡಿರಲಿಲ್ಲ.

ಬೆಳಿಗ್ಗೆ ಬೀರು ತೆಗೆದು ಯಂತ್ರ ಹೊರಗೆ ತಂದೆ. ಅವಳಿಗೆ ಏನೋ ಹೇಳಬೇಕಿತ್ತು.

ಮಾತು ಬರಿಸುವ ವಾಲ್ವು ಹಾಕಿದ್ದು 2024ರ ಫೆಬ್ರವರಿಯಲ್ಲಿ. ಕೆಲವರಿಗೆ ಮೊದಲ ಆಪರೇಷನ್ನಿನಲ್ಲೇ ಹಾಕುತ್ತಾರೆ, ನನಗೆ ಗಾಯ ಮಾಯುವವರೆಗೆ ಕಾಯಬೇಕಾಯಿತು. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವಿನ ಗೋಡೆಯಲ್ಲಿ ಸಣ್ಣ ತೂತು ಮಾಡಿ, ಅದರಲ್ಲಿ ಬೆರಳ ತುದಿಯಷ್ಟು ಸಿಲಿಕೋನಿನ ಕವಾಟ ಕೂರಿಸುತ್ತಾರೆ. ಗಾಳಿ ಆ ಕಡೆ ಹೋಗುತ್ತದೆ, ಅನ್ನನೀರು ಈ ಕಡೆ ಬರುವುದಿಲ್ಲ. ಉಸಿರೆಳೆದು ಕತ್ತಿನ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ ಬಿಟ್ಟರೆ, ಗಾಳಿ ಕವಾಟದ ಮೂಲಕ ಗಂಟಲಿಗೆ ನುಗ್ಗಿ ಅದರ ಗೋಡೆಯನ್ನು ಅದುರಿಸುತ್ತದೆ. ಆ ಅದುರೇ ಧ್ವನಿ. 1980ರಲ್ಲಿ ಅಮೆರಿಕದ ಬ್ಲಾಮ್ ಮತ್ತು ಸಿಂಗರ್ ಎಂಬಿಬ್ಬರು ಇದನ್ನು ಬಳಕೆಗೆ ತಂದರಂತೆ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುವ ಆಪರೇಷನ್ನನ್ನು ವಿಯೆನ್ನಾದಲ್ಲಿ ಬಿಲ್‌ರೋತ್ ಮಾಡಿದ್ದು 1873ರಲ್ಲಿ. ನಡುವಿನ ನೂರು ವರ್ಷ ಹೆಚ್ಚಿನವರು ಗಾಳಿ ನುಂಗಿ ತೇಗಿನಲ್ಲೇ ಮಾತಾಡುವುದನ್ನು ಕಲಿಯಬೇಕಿತ್ತು, ಯಂತ್ರ ಹಿಡಿಯಬೇಕಿತ್ತು, ಇಲ್ಲವೇ ಸುಮ್ಮನಿರಬೇಕಿತ್ತು. ಇದನ್ನೆಲ್ಲ ಹೇಳಿದವರು ನನ್ನ ಸ್ಪೀಚ್ ಥೆರಪಿಸ್ಟ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ಹುಡುಗಿ. ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವಳು, ನಾನು ಮೇಡಂ ಎಂದೇ ಕರೆಯುವುದು.

ಮೊದಲ ದಿನ ಏನೂ ಬರಲಿಲ್ಲ. ನಾನು ಮಂಡಿಯಲ್ಲಿ ಕೂಗುವ ಬಲದಲ್ಲಿ ಒತ್ತುತ್ತಿದ್ದೆ. “ಸರ್, ಒತ್ತಬೇಡಿ. ಬರೀ ಮುಚ್ಚಿ. ಜೋರು ಮಾಡಿದಷ್ಟೂ ಗಂಟಲು ಬಿಗಿಯುತ್ತೆ” ಎಂದರು. ಕೂಗಿಯೇ ಬದುಕಿದವನಿಗೆ ಮೆತ್ತಗೆ ಬಿಡುವುದನ್ನು ಕಲಿಯಲು ಮೂರು ವಾರ ಬೇಕಾಯಿತು. ಒಂದು ಬೆಳಿಗ್ಗೆ “ಆ” ಎಂದು ಬಂತು. ಒದ್ದೆ ಮರಳಿನ ಮೇಲೆ ಕಬ್ಬಿಣ ಎಳೆದಂಥ ಸದ್ದು. ನನ್ನದಾಗಿತ್ತು.

ಅಂಕಿಗಳಿಂದ ಶುರುಮಾಡಿದೆವು, ಅದು ನನ್ನ ಬಾಯಿಗೆ ಪಳಗಿದ್ದು ಎಂದು. ಒಂದರಿಂದ ಒಂಬತ್ತರವರೆಗೆ ಹೇಗೋ ಬಂತು. ಹತ್ತು ಎಂದರೆ ಅತ್ತು ಎಂದೇ ಬರುತ್ತಿತ್ತು. ಹಕಾರಕ್ಕೆ ಗಂಟಲಲ್ಲಿ ಉಸಿರು ಉಜ್ಜಬೇಕು, ಅದು ಉಜ್ಜುತ್ತಿದ್ದ ಜಾಗವನ್ನೇ ಕತ್ತರಿಸಿ ತೆಗೆದಿದ್ದಾರೆ. ಹತ್ತು, ಅತ್ತು. ಹತ್ತು, ಅತ್ತು. ಮೇಡಂ ನಾಲಿಗೆಯ ಬುಡವನ್ನು ಹಿಂದಕ್ಕೆ ಒಯ್ದು ಖಕಾರದ ಹತ್ತಿರದ ಸದ್ದು ಮಾಡಿಸಿದರು. ಅದು ಕೆಲವೊಮ್ಮೆ ಸಿಗುತ್ತದೆ, ಕೆಲವೊಮ್ಮೆ ಇಲ್ಲ. ನಮ್ಮಜ್ಜಿ ಹಾಲಿಗೆ ಆಲು ಎಂದೇ ಅನ್ನುತ್ತಿದ್ದಳು, ನಮ್ಮೂರಿನ ಕಡೆ ಅರ್ಧ ಜನ ಹಾಗೆಯೇ. ಶಾಲೆಯಲ್ಲಿ ಮೇಷ್ಟ್ರ ಹತ್ತಿರ ಹೊಡೆಸಿಕೊಂಡು ತಿದ್ದಿಕೊಂಡ ಹಕಾರ ಮತ್ತೆ ಅಜ್ಜಿಯ ಕಡೆಗೆ ಹೋಯಿತು. ಈಗ ಅದಕ್ಕೆ ಸಂಕಟವಿಲ್ಲ. ಮಾತಿನ ಸಂದರ್ಭ ನೋಡಿ ಜನ ಅರ್ಥ ಮಾಡಿಕೊಳ್ಳುತ್ತಾರೆ. ಅರ್ಥವಾಗದವರು ಇನ್ನೊಮ್ಮೆ ಕೇಳಿದರೆ ಇನ್ನೊಮ್ಮೆ ಹೇಳುತ್ತೇನೆ.

ಪೂರ್ತಿ ವಾಕ್ಯ ಬಂದ ಮೇಲೆ ಭಾವನ ಮನೆಗೆ ಹೋದೆ. ಅದನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. “ನೀವು ಯಾಕೆ ಮೊದಲೇ ಹೇಳಲಿಲ್ಲ?” ಭಾವ ತುಂಬ ಹೊತ್ತು ಅಂಗಳ ನೋಡಿದರು. “ಹೇಳಿದ್ದರೆ ನೀನು ಸಹಿ ಹಾಕ್ತಿರಲಿಲ್ಲ. ಸಾಯ್ತೀನಿ, ಧ್ವನಿ ಮಾತ್ರ ಕೊಡಲ್ಲ ಅಂತಿದ್ದೆ” ಎಂದರು. ಇರಬಹುದು. ನನ್ನ ಹಟ ನನಗೆ ಗೊತ್ತು. ಆದರೂ ಆ ಮೂರು ಪುಟ ನನ್ನವು. ಅವನ್ನು ಓದಿ, ಒಂದು ವಾರ ಜಗಳವಾಡಿ, ಧ್ವನಿ ಹೋಗುವ ಮೊದಲು ಮೊಮ್ಮಕ್ಕಳಿಗಾಗಿ ನಾಲ್ಕು ಮಾತು ಫೋನಿನಲ್ಲಿ ತುಂಬಿಸಿ ಇಡುತ್ತಿದ್ದೆನೋ ಏನೋ. ನನ್ನ ಹಳೆಯ ಧ್ವನಿ ಈಗ ಎಲ್ಲಿಯೂ ಇಲ್ಲ, ಮಂಡಿಯ ಯಾರದೋ ವಿಡಿಯೋದಲ್ಲಿ ಹಿಂದಿನಿಂದ ಕೇಳುವ ಹನ್ನೊಂದು ಸೆಕೆಂಡು ಬಿಟ್ಟರೆ. ಭಾವನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ಓದಬಲ್ಲವನಾಗಿಯೂ ಕಾಗದ ಕಿತ್ತುಕೊಳ್ಳದೆ ಸಹಿ ಹಾಕಿದೆನಲ್ಲ, ಅದರ ಮೇಲಿನದೂ ಹೋಗಿಲ್ಲ.

ವಾಲ್ವು ಒಮ್ಮೆ ಹಾಕಿದರೆ ಮುಗಿಯುವುದಿಲ್ಲ. ಗಂಟಲಿನ ಬೂಷ್ಟು ಅದರ ಮೇಲೆ ಬೆಳೆಯುತ್ತದೆ, ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಕಾಫಿ ಕುಡಿದ ಕೂಡಲೇ ಕೆಮ್ಮು ಬಂದು ಕಫ ಕಾಫಿ ಬಣ್ಣದ್ದಾದರೆ ವಾಲ್ವು ಸೋರುತ್ತಿದೆ ಎಂದೇ ಅರ್ಥ, ಹೋಗಿ ಬದಲಿಸಬೇಕು. ನನ್ನದು ಮೊದಲನೆಯದು ನಾಲ್ಕು ತಿಂಗಳು ಬಂತು. ಮಜ್ಜಿಗೆ ಕುಡಿದರೆ ಅದು ಹೆಚ್ಚು ದಿನ ಬಾಳುತ್ತದೆಯೇ ಎಂದು ನೆದರ್ಲೆಂಡ್ಸಿನವರು ಪರೀಕ್ಷೆ ಮಾಡಿ ಒಳ್ಳೆಯ ಫಲ ಕಂಡಿದ್ದಾರೆ ಎಂದು ಮೇಡಂ ಹೇಳಿದರು. ಊಟದ ಕೊನೆಗೆ ಮಜ್ಜಿಗೆ ನಮಗೇನೂ ಹೊಸದಲ್ಲ, ಎರಡನೆಯ ವಾಲ್ವು ಏಳು ತಿಂಗಳು ನಡೆಯಿತು. ಖರ್ಚಿನ ಮಾತು ಬೇರೆ. ಆಪರೇಷನ್ ಆರೋಗ್ಯ ಕಾರ್ಡಿನಲ್ಲಿ ಆಯಿತು, ಹೊರದೇಶದ ವಾಲ್ವಿಗೆ ಪ್ರತಿ ಸಲ 25,000 ರೂಪಾಯಿಯ ಮೇಲೆ ಕೈಯಿಂದ ಹೋಯಿತು. ಬೆಂಗಳೂರಿನ ಡಾ. ವಿಶಾಲ್ ರಾವ್ ಅವರು ಐವತ್ತು ರೂಪಾಯಿಯ ‘ಓಂ’ ವಾಲ್ವು ಮಾಡಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ವಾಲ್ವು ಹಾಕಿಸುವ ಮೊದಲು ಡಾಕ್ಟರ ಹತ್ತಿರ ಅದರ ವಿಚಾರ ಕೇಳಿ. ನಾನು ಕೇಳಲಿಲ್ಲ, ನನಗೆ ಆಗ ಗೊತ್ತಿರಲಿಲ್ಲ.

ಯಾರೂ ಹೇಳದ ಇನ್ನೊಂದು ಸಂಗತಿ. ನನಗೆ ಹೊಸ ಗಂಟಲು ಕಟ್ಟಿದ್ದು ಎದೆಯ ಚರ್ಮದಿಂದ. ಎದೆಯಲ್ಲಿ ಕೂದಲಿತ್ತು. ಅದು ಗಂಟಲೊಳಗೂ ಬೆಳೆಯಿತು. ಅನ್ನ ಸಿಕ್ಕಿಕೊಳ್ಳುವುದು, ಧ್ವನಿ ಗೊರಗೊರ ಎನ್ನುವುದು, ಏನೆಂದು ತಿಳಿಯದೆ ಗಡ್ಡೆ ಮತ್ತೆ ಬಂತೆಂದು ಎರಡು ವಾರ ನಿದ್ದೆಗೆಟ್ಟೆ. ಡಾಕ್ಟರು ನಳಿಗೆ ಹಾಕಿ ನೋಡಿ, ಕತ್ತರಿಸಿ ತೆಗೆದರು. ಹಾಗೆಯೇ ಸದಾ ಸುಸ್ತು, ಚಳಿ, ಊದಿದ ಮುಖ. ಮನೆಯವರು ಮನಸ್ಸಿಗೆ ಹಚ್ಚಿಕೊಂಡಿದ್ದಾನೆ ಎಂದರು. ಅದು ಥೈರಾಯ್ಡು. ಕರೆಂಟ್ ಇಟ್ಟವರು, ಈ ಆಪರೇಷನ್ ಆದವರು ಅದರ ರಕ್ತಪರೀಕ್ಷೆಯನ್ನು ಮರೆಯಬಾರದು. ಬೆಳಿಗ್ಗೆ ಒಂದು ಮಾತ್ರೆ, ತಿಂಗಳೊಳಗೆ ಮನುಷ್ಯನಾದೆ.

ವಾಸನೆಯೂ ಹೋಗಿತ್ತು. ಬಾಕ್ಸಿನ ತಳದಲ್ಲಿ ಕೊಳೆತ ಹಣ್ಣು ಇಟ್ಟು ಮೇಲೆ ಒಳ್ಳೆಯದು ಜೋಡಿಸಿದ್ದರೆ ಮೊದಲು ಮೂಗಿಗೆ ತಿಳಿಯುತ್ತಿತ್ತು. ಅದಕ್ಕೂ ಒಂದು ಉಪಾಯವಿದೆ: ತುಟಿ ಮುಚ್ಚಿಕೊಂಡು, ಆಕಳಿಕೆಯನ್ನು ಸಭೆಯಲ್ಲಿ ಅದುಮಿಡುವಂತೆ, ದವಡೆ ಕೆಳಗಿಳಿಸಬೇಕು. ಬಾಯೊಳಗೆ ಜಾಗವಾಗಿ ಮೂಗಿನಿಂದ ಗಾಳಿ ಒಳಗೆ ಬರುತ್ತದೆ. ಇದನ್ನೂ ರೂಢಿಗೆ ತಂದವರು ನೆದರ್ಲೆಂಡ್ಸಿನವರೇ. ದಿನಕ್ಕೆ ಮೂರು ಹೊತ್ತು ಮಾಡಿದೆ. ಮೊದಲು ಸಿಕ್ಕಿದ್ದು ಒಗ್ಗರಣೆಯ ಇಂಗು.

ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಹೋದಾಗ ಮೇಜಿನ ಹಿಂದಿನ ಅಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕೈಕಾಲು ಸರಿ ಇದೆ, ಕಣ್ಣು ಸರಿ ಇದೆ, ಮಾತೂ ಆಡ್ತಿದ್ದೀರಲ್ಲ. ಇನ್ನೇನು?” ಎಂದರು. ಹಿಂದೆ ಕ್ಯೂನಲ್ಲಿದ್ದವರ ಮುಂದೆ. ಆ ಮಾತಿಗಾಗಿ ನಾನು ಎಂಟು ತಿಂಗಳು ಹೆಣಗಿದ್ದೆ, ಅದನ್ನೇ ನನ್ನ ವಿರುದ್ಧ ಹಿಡಿದರು. ಎರಡು ಸಲ ವಾಪಸು ಕಳಿಸಿದರು. ಮೂರನೆಯ ಸಲ ಮಗಳು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪುಟ ಮುದ್ರಿಸಿ ಕೊಟ್ಟಳು. ಅದರಲ್ಲಿರುವ 21 ಬಗೆಯಲ್ಲಿ ಮಾತು ಮತ್ತು ಭಾಷೆಯ ವೈಕಲ್ಯ ಒಂದು, ಅದರ ವಿವರಣೆಯಲ್ಲಿ ಮೊದಲ ಹೆಸರೇ ಲ್ಯಾರಿಂಜೆಕ್ಟಮಿ, ಅಂದರೆ ನನಗೆ ಆದದ್ದು. ಬೆರಳಿಟ್ಟು ತೋರಿಸಿದೆ. ಅವರು ಓದಿದರು, ಕ್ಷಮಿಸಿ ಎನ್ನಲಿಲ್ಲ, ಫೈಲು ಮುಂದಕ್ಕೆ ಕಳಿಸಿದರು. ನೀವೂ ಹೋಗುವಾಗ ಆ ಪುಟ ತೆಗೆದುಕೊಂಡೇ ಹೋಗಿ.

ಉಳಿದದ್ದು ಚಿಕ್ಕಪುಟ್ಟದು. ಸ್ನಾನಕ್ಕೆ ಚೊಂಬಿನಲ್ಲಿ ನೀರು ಕತ್ತಿನ ಕೆಳಗೆ ಹೊಯ್ದುಕೊಳ್ಳಿ, ತಲೆಗೆ ಹೊಯ್ಯುವಾಗ ಮುಂದಕ್ಕೆ ಬಾಗಿ. ಕೆರೆ, ಹೊಳೆ ಮರೆತುಬಿಡಿ. ಧೂಳಿಗೆ ಹಳೆಯ ಪಂಚೆಯ ಬಟ್ಟೆ ಎರಡು ಪದರ ಸಾಕು. ವಾಲ್ವು ಬಿದ್ದುಹೋದರೆ ಅದರ ತೂತು ಬೇಗ ಮುಚ್ಚಿಕೊಳ್ಳುತ್ತದೆ, ಅದೇ ದಿನ ಆಸ್ಪತ್ರೆಗೆ ಓಡಿ. ಜೇಬಿನಲ್ಲಿ “ನಾನು ಕತ್ತಿನಿಂದ ಉಸಿರಾಡುತ್ತೇನೆ, ಆಕ್ಸಿಜನ್ ಕತ್ತಿಗೆ ಕೊಡಿ” ಎಂದು ಬರೆದ ಚೀಟಿ ಇಟ್ಟುಕೊಳ್ಳಿ. ನಾನು ಈಗ ಅದೇ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ.

ಕಳೆದ ತಿಂಗಳು ಮೇಡಂ ಫೋನು ಮಾಡಿದರು. ಮುಳಬಾಗಿಲಿನ ಕಡೆಯ ರೈತರೊಬ್ಬರು, ಇದೇ ಆಪರೇಷನ್, ಒಪ್ಪುತ್ತಿಲ್ಲ, ಒಮ್ಮೆ ಬಂದು ಮಾತಾಡಿಸುತ್ತೀರಾ ಎಂದರು. ನನ್ನ ಆಪರೇಷನ್ನಿಗೆ ಮೊದಲು ನನಗೆ ಹೀಗೆ ಯಾರನ್ನೂ ತೋರಿಸಿರಲಿಲ್ಲ. ಅವತ್ತೇ ಬಸ್ಸು ಹತ್ತಿದೆ. ಆತ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದ. ಊಟ, ಖಾರ, ಹೆಂಡತಿ ಮಕ್ಕಳು, ಸಾಲ, ಎಲ್ಲ ಕೇಳಿದ. ಕೊನೆಗೆ ಕೇಳಿದ, “ಅಣ್ಣಾ, ತೋಟದ ಆ ತುದಿಯಲ್ಲಿರೋರನ್ನ ಕೂಗೋಕಾಗುತ್ತಾ?”

“ಆಗಲ್ಲ” ಎಂದೆ.

ಆತನ ಹೆಂಡತಿ ತಲೆ ತಗ್ಗಿಸಿದಳು. ಜೇಬಿನಲ್ಲಿದ್ದ ಮೇಕೆಯ ಗಂಟೆ ತೆಗೆದು ಮಂಚದ ಮೇಲಿಟ್ಟೆ. ಆತ ಕೈಗೆತ್ತಿಕೊಂಡು ಒಮ್ಮೆ ಅಲ್ಲಾಡಿಸಿದ. ವಾರ್ಡಿನ ಆ ತುದಿಯಲ್ಲಿದ್ದವರು ತಿರುಗಿ ನೋಡಿದರು. ಇಟ್ಟುಕೋ ಎಂದೆ, ಮಗಳಿಗೆ ಹೇಳಿ ನನಗೆ ಇನ್ನೊಂದು ತರಿಸಿಕೊಳ್ಳುತ್ತೇನೆ.